ಮೂರನೆಯ ಇಳಿತ

ಬ್ರೇಕಿನ ಪೈಪನ್ನು ಸೈಲೆನ್ಸರಿಗೆ ಒತ್ತಿಕೊಂಡಂತೆಯೇ ಹಾಯಿಸಬೇಕು ಎಂದು ಬೈರಯ್ಯ ಹೇಳಿದಾಗ ಮಹಾನಂದಳಿಗೆ ರೇಗಿತು. ಚಾಮರಾಜಪೇಟೆಯ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಪಳಗಿದ ಕೈ ಅವಳದು. ಈ ಹಳೆಯ ಮಿಲಿಟರಿ ಟ್ರಕ್ಕನ್ನು ಮೊದಲಿದ್ದಂತೆ ಮಾಡಿಕೊಡಿ ಎಂದು ಅದರ ಈಗಿನ ಮಾಲೀಕ ಬೈರಯ್ಯ ಕೇಳಿದ್ದರು. ನಾಲ್ಕು ತಿಂಗಳಿಂದ ಅದನ್ನೇ ಮಾಡುತ್ತಿದ್ದಳು. ಯಾರೋ ಹಾಕಿಸಿದ್ದ ಪವರ್ ಸ್ಟಿಯರಿಂಗ್ ಕಿತ್ತಿದ್ದಳು. ತರಕಾರಿ ಹೊರುವ ಕಾಲದ ನೀಲಿ ಬಣ್ಣ ಕೆರೆದು ಅಡಿಯ ಹಸಿರು ಕಾಣಿಸಿದ್ದಳು. ಆದರೆ ಪೈಪಿನ ಈ ದಾರಿ ಕಂಪನಿಯ ನಕ್ಷೆಯಲ್ಲೇ ಇರಲಿಲ್ಲ.

“ಬಿಸಿಗೆ ಬ್ರೇಕ್ ಆಯಿಲ್ ಕುದ್ದುಬಿಡತ್ತೆ. ಆಮೇಲೆ ಪೆಡಲ್ ಒತ್ತಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಹಿಂಗೆ ಎಳೆದವನ ಕೈ ಸೇದೋಗ.”

ಬೈರಯ್ಯ ತಮ್ಮ ಅಂಗೈ ನೋಡಿಕೊಂಡರು. “ಅವತ್ತು ಹೆಂಗಿತ್ತೋ ಹಂಗೇ ಇರ್ಲಿ ಕಣಮ್ಮ.” ಎಪ್ಪತ್ತು ದಾಟಿದ ಮನುಷ್ಯ ತಾವೇ ಟ್ರಕ್ಕಿನಡಿ ತೆವಳಿ, ಪೈಪು ಎಲ್ಲಿ ಬಾಗಬೇಕೆಂದು ತೋರಿಸಿದರು.

ಅವತ್ತಿನ ಕಥೆಯನ್ನು ತುಂಡುತುಂಡಾಗಿ ಹೇಳಿದ್ದರು. ಮೂವತ್ತೆಂಟು ವರ್ಷದ ಹಿಂದೆ ಘಾಟಿ ಇಳಿಯುವಾಗ ಇದೇ ಟ್ರಕ್ಕು ಬಂಡೆಗೆ ಬಡಿದು, ಹಿಂದೆ ಕೂತಿದ್ದ ಐವರು ಸೈನಿಕರು ಸತ್ತಿದ್ದರು. ಬ್ರೇಕ್ ಹಿಡಿಯಲಿಲ್ಲ ಎಂದಿದ್ದ ಡ್ರೈವರ್. ಮರುದಿನ ತಣ್ಣಗಾಗಿದ್ದ ಗಾಡಿಯ ಪೆಡಲ್ ಒತ್ತಿ ನೋಡಿದ ಅಧಿಕಾರಿಗಳು ಬ್ರೇಕ್ ಸರಿಯಿದೆ ಎಂದು ಬರೆದರು. ಡ್ರೈವರಿಗೆ ಏಳು ವರ್ಷ ಜೈಲು.

ಉಳಿದದ್ದನ್ನು ಮಹಾನಂದ ಕೇಳಲಿಲ್ಲ. ಕೇಳುವುದೇನಿದೆ? ಈ ಮನುಷ್ಯ ಒಂದು ದಿನವೂ ಸ್ಟಿಯರಿಂಗ್ ಮುಟ್ಟದ್ದು ಯಾಕೆಂದು ಅವಳಿಗೆ ಅರ್ಥವಾಗಿತ್ತು. ಕಣ್ಣು ಮುಚ್ಚುವ ಮೊದಲು ಸತ್ಯ ತಿಳಿಯಬೇಕು, ಅಷ್ಟೇ. ಪೈಪನ್ನು ಅವರು ತೋರಿಸಿದಂತೆಯೇ ಹಾಯಿಸಿದಳು.

ಭಾನುವಾರ ಬೆಳಗ್ಗೆ ಹನುಮಂತನಗರದ ಗುಡ್ಡದ ಹಿಂದೆ ಒಂದು ಖಾಲಿ ಇಳಿಜಾರು. ಕೊನೆಯಲ್ಲಿ ಮನೆ ಕಟ್ಟಲು ಸುರಿದ ಮರಳಿನ ರಾಶಿ. ಅದಿದೆಯೆಂದೇ ಈ ರಸ್ತೆ ಆರಿಸಿದ್ದಳು. ಹಿಂದೆ ಐದು ಜನರ ತೂಕದ ಮೂಟೆಗಳು. ಅವಳು ಸ್ಟಿಯರಿಂಗಿನಲ್ಲಿ, ಬೈರಯ್ಯ ಪಕ್ಕದಲ್ಲಿ.

ಮೊದಲ ಸಲ ಬ್ರೇಕ್ ಹಿಡಿಯಿತು. ಎರಡನೆಯ ಸಲವೂ, ಗಟ್ಟಿಯಾಗಿ. ಬೈರಯ್ಯ ಬಾಗಿಲ ಹಿಡಿಗೆ ಕೈ ಹಾಕಿದರು.

“ಸಾಕು ಕಣಮ್ಮ. ಹಿಡೀತಲ್ಲ. ಮನೆಗೆ ಹೋಗಣ.”

ಸೋತವರ ದನಿ. ಅವಳು ಎಂಜಿನ್ ಆರಿಸಲಿಲ್ಲ. “ಸರಿಯಾಗಿ ಕಾದೇ ಇಲ್ಲ ಯಜಮಾನ್ರೇ. ಇಷ್ಟು ವರ್ಷ ಹೊತ್ಕೊಂಡು ಅರ್ಧಕ್ಕೆ ಬಿಡ್ತೀರಾ? ನಾನಂತೂ ಬಿಡಲ್ಲ.”

ಅವರು ಅವಳ ಮಣಿಕಟ್ಟು ಹಿಡಿದರು. ಮೆಲ್ಲನೆ ಬಿಡಿಸಿಕೊಂಡಳು. ಸೈಲೆನ್ಸರ್ ಹೊಗೆಯಾಡುವವರೆಗೂ ಎಂಜಿನ್ ಉರಿಸಿ, ಮತ್ತೆ ಏರು ಹತ್ತಿ, ಇಳಿದಳು.

ಪೆಡಲ್ ನೆಲ ಮುಟ್ಟಿತು. ಟ್ರಕ್ಕು ನಿಧಾನಿಸಲೇ ಇಲ್ಲ. ಮರಳಿಗೆ ನುಗ್ಗಿ, ಒಮ್ಮೆ ನಡುಗಿ ನಿಂತಿತು.

ಮಹಾನಂದಳ ಕಣ್ಣು ತುಂಬಿ ಬಂತು. “ನೋಡಿದ್ರಾ? ಬ್ರೇಕೇ ಹೋಗಿದ್ದು. ಓಡಿಸಿದ ನಿಮ್ಮ ತಪ್ಪು ಒಂಚೂರೂ ಇರ್ಲಿಲ್ಲ. ಇನ್ಮೇಲಾದ್ರೂ ನಿದ್ದೆ ಮಾಡಿ.”

ಬೈರಯ್ಯ ಅವಳತ್ತ ತಿರುಗಲಿಲ್ಲ.

“ಓಡಿಸ್ತಿದ್ದೋನು ಮರಿಯಣ್ಣ. ಜೈಲಲ್ಲೇ ಸತ್ತ. ನಾನು ಈ ಗಾಡಿ ಫಿಟ್ಟರ್, ಆ ಪೈಪು ಎಳೆದೋನು ಕಣಮ್ಮ.”