ಹಾಳೆಯ ಹಿಂಬದಿ

“ವಿಶೇಷ ತರಗತಿಗೆ ದೊಡ್ಡವಳ ಫಾರಂ ತಂದ್ರಿ, ಸರಿ. ಚಿಕ್ಕವಳ ಅರ್ಜಿ ಯಾಕೆ ಹಾಕಲೇ ಇಲ್ಲ?” ಎಂದು ಟೀಚರ್ ಕೇಳಿದಾಗ ತಕ್ಕಡಿ ರಿಪೇರಿಯವನು ಕಕ್ಕಾಬಿಕ್ಕಿಯಾದ.

ಅವಳಿ ಹೆಣ್ಣುಮಕ್ಕಳು ಅವನಿಗೆ. ಹತ್ತು ನಿಮಿಷ ಮೊದಲು ಹುಟ್ಟಿದ ಪುಣ್ಯಕ್ಕೆ ಒಬ್ಬಳು ದೊಡ್ಡವಳು. ಊರಿನ ಎಲ್ಲ ಶಾಲೆಗಳಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷೆ ಮಾಡಿದ್ದರು. ಐವತ್ತು ಮುಟ್ಟಿದವರಿಗೆ ಮುಂದಿನ ವರ್ಷ ವಿಶೇಷ ತರಗತಿ, ಪ್ರಯೋಗಶಾಲೆ, ಒಳ್ಳೆಯ ಮೇಷ್ಟರು. ಮಿಕ್ಕವರಿಗೆ ಅದೇ ಹಳೆಯ ಕೋಣೆ. ದೊಡ್ಡವಳಿಗೆ ಐವತ್ತೊಂದು ಬಂದಿತ್ತು, ಚಿಕ್ಕವಳಿಗೆ ನಲವತ್ತೆಂಟು. ಇದರಲ್ಲಿ ಇನ್ನು ಅರ್ಜಿ ಎಂಥದ್ದು?

“ಅವಳು ಫೇಲಲ್ವಾ ಮೇಡಂ,” ಅಂದ.

ಟೀಚರ್ ಮೇಜಿನ ಖಾನೆಯಿಂದ ಚಿಕ್ಕವಳ ಅಂಕಪಟ್ಟಿಯ ಶಾಲೆಯ ಪ್ರತಿ ತೆಗೆದು, ಹಿಂಬದಿ ತಿರುಗಿಸಿ ಅವನ ಮುಂದಿಟ್ಟರು. ಅಲ್ಲೊಂದು ಉದ್ದ ಗೆರೆ, ಗೆರೆಯ ಮೇಲೊಂದು ಚುಕ್ಕೆ, ಚುಕ್ಕೆಯ ಆಚೆ ಈಚೆ ಚಾಚಿಕೊಂಡ ಬೂದು ಪಟ್ಟಿ. ಇದೇ ಮಗು ಇಂಥದೇ ಪತ್ರಿಕೆಗೆ ನಾಳೆ ಉತ್ತರ ಬರೆದರೆ ನಾಲ್ಕು ಹೆಚ್ಚಾಗಬಹುದು, ನಾಲ್ಕು ಕಡಿಮೆಯಾಗಬಹುದು ಎಂದು ಟೀಚರ್ ಬಿಡಿಸಿ ಹೇಳಿದರು. ಹಿಂದಿನ ರಾತ್ರಿ ನಿದ್ದೆ ಬಂದಿತ್ತೋ ಇಲ್ಲವೋ, ಓದಿದ್ದೇ ಕೇಳಿದರೋ ಇಲ್ಲವೋ, ಎಲ್ಲ ಸೇರಿ ಅಷ್ಟು. ನಲವತ್ತೆಂಟು ಅಂದರೆ ನಲವತ್ನಾಲ್ಕರಿಂದ ಐವತ್ತೆರಡರೊಳಗೆ ಎಲ್ಲೋ ಒಂದು ಕಡೆ. ದೊಡ್ಡವಳ ಕತೆಯೂ ಇಷ್ಟೇ. ಇಬ್ಬರಲ್ಲಿ ಯಾರು ಜಾಣೆ ಎಂದು ಹೇಳುವ ಶಕ್ತಿ ಈ ಪರೀಕ್ಷೆಗಿಲ್ಲ.

ಅವನಿಗೆ ಅದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಮೂವತ್ತು ವರ್ಷದಿಂದ ಅನ್ನ ತಿಂದದ್ದೇ ಆ ವಿದ್ಯೆಯಿಂದ. ಯಾವ ತಕ್ಕಡಿ ಬಂದರೂ ಒಂದೇ ಕಲ್ಲನ್ನು ಹತ್ತು ಸಲ ಇಟ್ಟು, ಮುಳ್ಳು ಎಷ್ಟು ಆಡುತ್ತದೆಂದು ನೋಡಿದ ಮೇಲೆಯೇ ಅವನು ಸ್ಕ್ರೂಡ್ರೈವರ್ ಮುಟ್ಟುತ್ತಿದ್ದದ್ದು.

“ನಾಲ್ಕು ಆಡೋ ತಕ್ಕಡೀಲಿ ಎರಡು ಕಮ್ಮಿ ಬಂತು ಅಂತ ಮಗೂನ ಕೆಳಗಿಳಿಸ್ತೀರಾ?” ಎಂದ. “ಅಂಥದ್ರಲ್ಲಿ ನಾನು ಈರುಳ್ಳಿ ತೂಗೋಕೂ ಬಿಡಲ್ಲ ಮೇಡಂ.”

“ಎಷ್ಟು ಆಡ್ತೀನಿ ಅಂತ ತಕ್ಕಡಿ ತಾನೇ ಬರೆದುಕೊಟ್ಟಿದೆಯಲ್ಲ. ಇರೋದು ನಲವತ್ತು ಸೀಟು, ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕು. ಅದಕ್ಕೇ ಗೆರೆ ಹತ್ತಿರ ಬಂದವರು ಇನ್ನೊಂದ್ಸಲ ಬರೀಬಹುದು ಅಂದಿದ್ದು.” ಟೀಚರ್ ಹಾಳೆಯ ತಳದ ಸಾಲಿನ ಮೇಲೆ ಬೆರಳಿಟ್ಟರು. “ಅರ್ಜಿಗೆ ನಿನ್ನೆ ಕಡೇ ದಿನ. ಇಲ್ಲೇ ಇದೆ ನೋಡಿ. ಮನೇಲಿ ಓದಲಿಲ್ವಾ?”

ಓದುವುದು ಹಾಗಿರಲಿ, ಅಂಕಪಟ್ಟಿ ಮನೆಗೆ ಬಂದ ದಿನ ದೊಡ್ಡವಳ ಹಾಳೆಯ ಹಿಂಬದಿಗೆ ಅವನೇ ಕೈಯಾರೆ ಗೋಂದು ಬಳಿದು, ಗಿರಾಕಿಗಳ ಕಣ್ಣಿಗೆ ಬೀಳಲೆಂದು ಅಂಗಡಿಯ ಗೋಡೆಗೆ ಅಂಟಿಸಿದ್ದ. ಅದೇ ದಿನ ದಿನಸಿ ಅಂಗಡಿಯವನ ಮುಳ್ಳಿನ ತಕ್ಕಡಿ ರಿಪೇರಿಗೆ ಬಂದಿತ್ತು. ಮೇಜು ಒಂದು ಕೂದಲೆಳೆ ವಾಲಿದರೂ ಮುಳ್ಳು ಸುಳ್ಳು ಹೇಳುತ್ತದೆ. ಚಿಕ್ಕವಳ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಕುಂಟು ಕಾಲಿನಡಿ ತುರುಕಿ, “ಇದಕ್ಕಾದ್ರೂ ಬಂತು ನಿನ್ನ ಓದು,” ಅಂದಿದ್ದ. “ಅಪ್ಪಾ, ಅದರ ಹಿಂದುಗಡೆ ಏನೋ…” ಎಂದು ಅವಳು ಬಾಯಿ ತೆರೆದದ್ದಕ್ಕೆ, “ಮುಂದುಗಡೆ ಇರೋದೇ ಸಾಕು,” ಎಂದು ಬಾಯಿ ಮುಚ್ಚಿಸಿದ್ದ. ಅಂದಿನಿಂದ ಶಾಲೆ ಬಿಟ್ಟ ಮೇಲೆ ಅಕ್ಕನಿಗೆ ಮನೆಯಲ್ಲಿ ಪುಸ್ತಕ, ತಂಗಿಗೆ ಅಂಗಡಿಯಲ್ಲಿ ಒರೆಸುವ ಬಟ್ಟೆ.

ಅವನು ಶಾಲೆಯಿಂದ ನೇರ ಅಂಗಡಿಗೆ ಬಂದ. ಚಿಕ್ಕವಳು ತೂಕದ ಕಲ್ಲುಗಳನ್ನು ಉಜ್ಜಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಡುತ್ತಿದ್ದಳು. ಮೇಜಿನ ಮೇಲೆ ದಿನಸಿ ಅಂಗಡಿಯವನ ತಕ್ಕಡಿ ತಯಾರಾಗಿ ನಿಂತಿತ್ತು.

“ನೀನೂ ನಿಮ್ಮಕ್ಕನೂ ಒಂದೇ ಸಮ ಅಂತೆ ಕಣೇ,” ಅಂದ.

“ಗೊತ್ತಪ್ಪ,” ಎಂದಳು, ತಲೆ ಎತ್ತದೆ.

ಅವನು ಮಂಡಿಯೂರಿ ಮೇಜಿನ ಕಾಲಿನಡಿ ಕೈ ಹಾಕಿದ.

“ಅದನ್ನ ಎಳೀಬೇಡ,” ಎಂದಳು ಮಗಳು, ಮುಂದಿನ ಕಲ್ಲು ಕೈಗೆತ್ತಿಕೊಳ್ಳುತ್ತ. “ಮುಳ್ಳು ಸೊನ್ನೆಗೆ ನಿಂತಿರೋದೇ ಅದರಿಂದ.”