ತುಟಿ ನೋಡಿ ಆಡಿದ ಮಾತು

ಈಗಲೂ ವಿಮಾನದ ಸದ್ದಿಗೆ ನನ್ನ ಮಾತು ತಾನಾಗಿಯೇ ನಿಲ್ಲುತ್ತದೆ. ಚಿಕ್ಕಂದಿನಲ್ಲಿ ನಾವಿದ್ದ ಗಲ್ಫಿನ ಅರಾದ್‌ನಲ್ಲಿ ನಮ್ಮ ಫ್ಲ್ಯಾಟು ಏರ್‌ಪೋರ್ಟಿನ ಪಕ್ಕದಲ್ಲೇ ಇತ್ತು. ವಿಮಾನ ದಾಟುವವರೆಗೆ ಎಲ್ಲರೂ ಸುಮ್ಮನಿರುತ್ತಿದ್ದೆವು. ಊರಿಂದ ಬಂದಿದ್ದ ಅಜ್ಜಿ ಮಾತ್ರ, ಒಂದು ಮಧ್ಯಾಹ್ನ ಕಿಟಕಿಯ ಗಾಜು ನಡುಗುತ್ತಿದ್ದರೂ, ಬಟಾಣಿ ಸುಲಿಯುತ್ತ ಮಾತಾಡುತ್ತಲೇ ಇದ್ದರು.

“ಅಜ್ಜಿ, ನಿಮಗೆ ಸದ್ದು ಕೇಳೂದಿಲ್ವಾ?”

ಅವರು ನನ್ನ ತುಟಿಗಳನ್ನೇ ನೋಡಿದರು. “ನಿನ್ನ ಪ್ರಾಯದಲ್ಲಿ ನನ್ನನ್ನು ನೇಯ್ಗೆ ಮಿಲ್ಲಿಗೆ ಹಾಕಿದ್ರು ಮಗಾ. ಮಗ್ಗದ ಸದ್ದಿಗೆ ಕಿವಿ ಹೋಯ್ತು. ಅಲ್ಲಿ ನಾವು ಮಕ್ಕಳೆಲ್ಲ ತುಟಿ ನೋಡಿಯೇ ಮಾತಾಡೂದು.” ಒಂದು ಬಟಾಣಿಯನ್ನು ಬೆರಳಲ್ಲಿ ಉರುಳಿಸಿದರು. “ಮನೆಯಲ್ಲಿ ಚಿಮಿಣಿ ದೀಪ ಆರಿಸಿದ ಮೇಲೆ ಅಮ್ಮ ಎಂತ ಹೇಳ್ತಿದ್ರೋ, ಒಂದೂ ಗೊತ್ತಾಗ್ತಿರ್ಲಿಲ್ಲ.”

ಬಿಸಿಲೆಂದು ನನ್ನಮ್ಮ ಪರದೆ ಎಳೆಯಲು ಬಂದರು. ನಾನು ಬೇಡವೆಂದು ಹೇಳಿ, ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ಅಜ್ಜಿಯ ಎದುರು ಕುಳಿತೆ.