ಕಾಲ್ಮೋಂಟ್ ಗುಡ್ಡದ ಹೆಂಗಸು

"ಬಲಗಡೆ ನೋಡಿ, ಎಂಟುನೂರು ವರ್ಷದ ಹಿಂದಿನ ಸನ್ಯಾಸಿನಿಯರ ಮಠ," ಎಂದು ಗೈಡ್ ಯೂಟ ಮೈಕಿನಲ್ಲಿ ಹೇಳುತ್ತಿದ್ದಂತೆ ಹಡಗಿನ ಎಂಜಿನ್ ಸದ್ದು ತಗ್ಗಿತು. ಫೋಟೋ ತೆಗೆಯಲು ಅನುಕೂಲವಾಗಲೆಂದು ಕ್ಯಾಪ್ಟನ್ ನಿಧಾನ ಮಾಡಿದ್ದಾನೆ ಎಂದುಕೊಂಡು ಪ್ರವಾಸಿಗರೆಲ್ಲ ಚಪ್ಪಾಳೆ ತಟ್ಟಿದರು.

ಯೂಟ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮೊಸೆಲ್ ನದಿಯ ಈ ತಿರುವಿನಲ್ಲಿ ಕ್ಯಾಪ್ಟನ್ ಓಟ್ಮಾರ್ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೀಗೆ ಮಾಡಿದವನಲ್ಲ. ಅವಳು ಚುಕ್ಕಾಣಿ ಕೋಣೆಗೆ ಓಡಿದಳು. ಅವನು ದುರ್ಬೀನು ಹಿಡಿದು ಎಡದಂಡೆಯ ಕಾಲ್ಮೋಂಟ್ ಗುಡ್ಡ ನೋಡುತ್ತಿದ್ದ. ಏಣಿ ಒರಗಿಸಿದಷ್ಟು ಕಡಿದಾದ ಗುಡ್ಡ. ಕಲ್ಲುಗೋಡೆಗಳ ನಡುವೆ ದ್ರಾಕ್ಷಿ ಬಳ್ಳಿ.

"ಏನಾಯ್ತು ಕ್ಯಾಪ್ಟನ್ರೇ?"

"ಕೊಯ್ಲು ಶುರುವಾದಾಗಿಂದ ಅಲ್ಲೊಬ್ಬಳು ವಯಸ್ಸಾದ ಹೆಂಗಸು ಇರ್ತಾಳೆ. ನಾವು ಬಂದ ಕೂಡ್ಲೇ ಸೊಂಟ ನೆಟ್ಟಗೆ ಮಾಡ್ಕೊಂಡು ಕೈ ಎತ್ತುತಾಳೆ. ಇವತ್ತು ಎತ್ತಲಿಲ್ಲ."

"ಮನೇಲಿರಬಹುದು."

"ಬುಟ್ಟಿ ಅಲ್ಲೇ ಉರುಳಿದೆ, ನೋಡು."

ಯೂಟ ದುರ್ಬೀನು ಇಸಕೊಂಡಳು. ಮೇಲಿನ ಗೋಡೆ ಮಾರುದ್ದ ಕುಸಿದಿತ್ತು. ಕಲ್ಲುಗಳ ನಡುವೆ ನೀಲಿ ಬಟ್ಟೆ, ಅಲುಗಾಟವಿಲ್ಲ.

"ಅಯ್ಯೋ! ಯಾರವರು?"

"ಹೆಸರು ಗೊತ್ತಿಲ್ಲ ಕಣೆ. ಕೈ ಗೊತ್ತು, ಅಷ್ಟೇ."

ಯೂಟ ತುಟಿ ಕಚ್ಚಿದಳು. ಮಠದ ಹಿರಿಯ ಸನ್ಯಾಸಿನಿಯರ ಹೆಸರೆಲ್ಲ ಅವಳಿಗೆ ಬಾಯಿಪಾಠ. ಆದರೆ ಇಷ್ಟು ವರ್ಷ ಆ ಗುಡ್ಡಕ್ಕೆ ಬೆನ್ನು ಹಾಕಿ ನಿಂತೇ ಮಾತಾಡಿದ್ದಳು.

ಓಟ್ಮಾರ್ ಹಾರನ್ ಒತ್ತಿ ಹಿಡಿದ. ಗುಡ್ಡದ ಬುಡದ ಬ್ರೆಮ್ ಊರಲ್ಲಿ ಕಿಟಕಿಗಳು ತೆರೆದವು. ಯಾರೋ ನಗುತ್ತಾ ಕೈ ಬೀಸಿದರು. ಯೂಟ ಮೈಕನ್ನು ಹೊರಗಿನ ಸ್ಪೀಕರಿಗೆ ಹಾಕಿ ಕೂಗಿದಳು: "ಬೀಸ್ಬೇಡ್ರಪ್ಪಾ, ಓಡಿ! ಗುಡ್ಡದಲ್ಲಿ ಗೋಡೆ ಕುಸಿದಿದೆ, ಹೆಂಗಸೊಬ್ಬರು ಕಲ್ಲಿನಡಿ ಸಿಕ್ಕಿಕೊಂಡಿದ್ದಾರೆ!"

ಇಬ್ಬರು ಗಂಡಸರು ಹತ್ತತೊಡಗಿದರು. ಕೆಳಗಿನಿಂದ ಹೋದವರಿಗೆ ಬಳ್ಳಿ ಬಿಟ್ಟರೆ ಇನ್ನೇನೂ ಕಾಣುವಂತಿರಲಿಲ್ಲ. ಯೂಟ ದುರ್ಬೀನಿನಲ್ಲಿ ನೋಡುತ್ತಾ ದಾರಿ ಹೇಳಿದಳು. "ಇನ್ನೂ ಮೇಲೆ... ಬಲಕ್ಕೆ... ಅಲ್ಲ, ಆ ಗೋಡೆ ದಾಟಿ!" ಪಕ್ಕದಲ್ಲಿ ಓಟ್ಮಾರ್ ನೂರು ಮೀಟರಿನ ಹಡಗನ್ನು ಸೆಳವಿನ ಬಾಯಲ್ಲಿ ಒಂದೇ ಕಡೆ ನಿಲ್ಲಿಸಿಕೊಂಡಿದ್ದ. ಎರಡೂ ಕಡೆ ದಂಡೆ ಹತ್ತಿರ. ಸ್ವಲ್ಪ ಜಾರಿದರೂ ಹಡಗಿನ ಹಿಂಭಾಗ ಬಂಡೆಗೆ. ಅವನ ಬೆರಳು ಕೂದಲೆಳೆಯಷ್ಟೇ ಆಡುತ್ತಿತ್ತು, ಹಣೆಯಿಂದ ಬೆವರು ಗಡ್ಡಕ್ಕೆ ಇಳಿಯುತ್ತಿತ್ತು.

ಹಡಗುಗಳನ್ನು ಸರದಿ ಪ್ರಕಾರ ದಾಟಿಸುವ ಮುಂದಿನ ಅಣೆಕಟ್ಟಿನ ಗೇಟಿನವರು ರೇಡಿಯೋದಲ್ಲಿ ಕರೆದರು. "ಎಲ್ಲಿದ್ದೀರಾ? ನಿಮ್ಮ ಸರದಿ ಹೋಗುತ್ತೆ."

"ಹೋಗ್ಲಿ ಬಿಡಿ," ಎಂದ ಓಟ್ಮಾರ್.

ಅಷ್ಟರಲ್ಲಿ ಪ್ರವಾಸಿಗರಿಗೂ ವಿಷಯ ತಿಳಿದಿತ್ತು. ನೂರೈವತ್ತು ಜನ ಎಡಗಡೆಗೆ ತಿರುಗಿ ನಿಂತಿದ್ದರು. ಒಬ್ಬರೂ ಕ್ಯಾಮೆರಾ ಎತ್ತಲಿಲ್ಲ.

ಮೇಲೆ ಇಬ್ಬರೂ ಬಗ್ಗಿ ಕಲ್ಲು ಎತ್ತಿ ಎತ್ತಿ ಎಸೆದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಒಬ್ಬ ಎದ್ದು ನಿಂತು, ಬಾಯಿಗೆ ಎರಡೂ ಕೈ ಒಡ್ಡಿ, ನದಿಯತ್ತ ಕೂಗಿದ:

"ಬದುಕಿದ್ದಾಳೆ! ಕಾಲು ಮುರಿದಿದೆ! ಹಣ್ಣು ತುಳೀಬೇಡ್ರೋ ಕತ್ತೆಗಳಾ ಅಂತ ನಮ್ಮನ್ನ ಬೈತಾ ಇದ್ದಾಳೆ!"